ಹೊಲ ಅಳೆಯದ ಸರ್ವೇಯರ್

ಗೇಟಿಗೆ ‘ಸರ್ವೇಯರ್’ ಅಂತ ಬೋರ್ಡ್ ಹಾಕಿದ ವಾರಕ್ಕೇ ಒಬ್ಬ ಅಜ್ಜ ಪಹಣಿ ಹಿಡಿದುಕೊಂಡು ಬಂದರು. ಪಕ್ಕದ ಹೊಲದವನು ಬದು ಒತ್ತಿದ್ದಾನಂತೆ, ಹದ್ದುಬಸ್ತು ಮಾಡಿಸಬೇಕಂತೆ. ಅಜ್ಜ, ನಾನು ಹೊಲ ಅಳೆಯುವವನಲ್ಲ, ಇನ್ಶೂರೆನ್ಸ್ ಸರ್ವೇಯರ್ ಅಂದೆ. "ಓ, ಪಾಲಿಸಿ ಮಾಡ್ಸೋರಾ? ಬ್ಯಾಡಪ್ಪ, ನಂಗೆ ಎಪ್ಪತ್ತೆರಡಾತು" ಅಂತ ಎದ್ದು ಹೊರಟೇಬಿಟ್ಟರು. ಮಾರನೇ ದಿನ ಬೋರ್ಡಿನ ಮೇಲೆ ‘ವಿಮಾ ನಷ್ಟ ಅಂದಾಜುಗಾರ’ ಅಂತ ಇನ್ನೊಂದು ಸಾಲು ಬರೆಸಿದೆ. ಅದಾದ ಮೇಲೆ ಯಾರೂ ಬರಲೇ ಇಲ್ಲ. ಆ ಪದ ಯಾರಿಗೂ ಅರ್ಥವಾಗಿರಲಿಲ್ಲ ಅನ್ಸುತ್ತೆ.

ನಾನಿರುವುದು ದಾವಣಗೆರೆಯಲ್ಲಿ. ಈ ಕೆಲಸಕ್ಕೆ ಬಂದು ಹತ್ತು ವರ್ಷದ ಮೇಲಾಯಿತು. ಕೆಲಸ ಏನು ಅಂದರೆ, ಲಾರಿ ಪಲ್ಟಿಯಾಗುತ್ತದೆ, ಗೋಡೌನಿಗೆ ಬೆಂಕಿ ಬೀಳುತ್ತದೆ, ಅಂಗಡಿಗೆ ನೀರು ನುಗ್ಗುತ್ತದೆ. ಮಾಲೀಕ ಒಂದು ಲೆಕ್ಕ ಹೇಳುತ್ತಾನೆ, ವಿಮಾ ಕಂಪನಿಗೆ ಅದು ನಿಜವೋ ಸುಳ್ಳೋ ಗೊತ್ತಿಲ್ಲ. ನಡುವೆ ಒಬ್ಬ ಹೋಗಿ ನೋಡಿ, ಅಳೆದು, ಎಣಿಸಿ, ಪಾಲಿಸಿ ಓದಿ, ‘ಇಷ್ಟು ನಷ್ಟ ಆಗಿದೆ, ಇದರಲ್ಲಿ ಪಾಲಿಸಿ ಪ್ರಕಾರ ಇಷ್ಟು ಬರುತ್ತದೆ’ ಅಂತ ಬರೆದುಕೊಡಬೇಕು. ಅವನೇ ನಾನು. 1938ರ ವಿಮಾ ಕಾಯ್ದೆಯ 64ಯುಎಂ ಅನ್ನೋ ಕಲಮಿನಲ್ಲಿ ನಮ್ಮ ಕಥೆ ಇದೆ. 2015ರ ನಿಯಮದಂತೆ ಗಾಡಿಗಾದರೆ 50,000 ರೂಪಾಯಿ, ಉಳಿದದ್ದಕ್ಕೆ 1 ಲಕ್ಷ ದಾಟಿದ ನಷ್ಟಕ್ಕೆ ಲೈಸೆನ್ಸ್ ಇರುವ ಸರ್ವೇಯರ್ ವರದಿ ಬೇಕು. ಲೈಸೆನ್ಸ್ ಕೊಡುವುದು ವಿಮಾ ಕ್ಷೇತ್ರವನ್ನು ನಿಯಂತ್ರಿಸುವ ಹೈದರಾಬಾದಿನ ಐಆರ್‌ಡಿಎಐ. ಫೀಸು ಕೊಡುವುದು ಕಂಪನಿ. ಆದರೆ ನಾನು ಕಂಪನಿಯ ನೌಕರ ಅಲ್ಲ.

ಇದನ್ನು ಜನಕ್ಕೆ ನಂಬಿಸುವುದರಲ್ಲೇ ಅರ್ಧ ಆಯುಷ್ಯ ಹೋಯಿತು. ಎಲ್ಲಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ನೀವು ಕಂಪನಿ ಕಡೆಯವರಾ?" ಅಲ್ಲ ಅಂದರೆ, "ಹಂಗಾದ್ರೆ ನಮ್ ಕಡೆ ನೋಡ್ರಿ ಸರ್" ಅನ್ನುತ್ತಾರೆ. ಹೌದು ಅಂದರೆ ಮುಗಿಯಿತು, ಚಹಾ ಕೂಡ ಬರಲ್ಲ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಲಾರಿ ಡೀಲರ್ ಒಬ್ಬರ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ಆಕ್ಸಿಡೆಂಟ್ ಗಾಡಿ ಬಂದಾಗ ಸರ್ವೇಯರ್‌ಗಳು ಬರುತ್ತಿದ್ದರು. ಬೈಕಲ್ಲಿ ಬಂದು, ಗಾಡಿ ಸುತ್ತ ಎರಡು ಸುತ್ತು ಹಾಕಿ, ಎಸ್ಟಿಮೇಟ್ ಮೇಲೆ ಕೆಂಪು ಪೆನ್ನಲ್ಲಿ ಗೀಟು ಎಳೆದು ಹೋಗೋರು. ಎಂಥ ಸುಖದ ಕೆಲಸ, ಬಾಸ್ ಇಲ್ಲ, ಟಾರ್ಗೆಟ್ ಇಲ್ಲ ಅಂದುಕೊಂಡಿದ್ದೆ. ನಗಬೇಡಿ.

2014ರಲ್ಲಿ ಅವರಲ್ಲೇ ಹಿರಿಯರೊಬ್ಬರ ಹತ್ತಿರ ಟ್ರೈನಿಂಗಿಗೆ ಸೇರಿದೆ. ಒಂದು ವರ್ಷ ಲೈಸೆನ್ಸ್ ಇರುವವರ ಕೈಕೆಳಗೆ ಕೆಲಸ ಕಲಿಯಬೇಕು, ಮೂರು ತಿಂಗಳಿಗೊಮ್ಮೆ ವರದಿಗೆ ಅವರ ಸಹಿ ಹಾಕಿಸಬೇಕು, ಆಮೇಲೆ ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಪರೀಕ್ಷೆ ಪಾಸಾಗಬೇಕು. ಎಸ್-01 ಅನ್ನೋ ಪೇಪರ್ ಎಲ್ಲರಿಗೂ ಕಡ್ಡಾಯ, ಅದರ ಜೊತೆ ಮೋಟಾರ್, ಫೈರ್, ಇಂಜಿನಿಯರಿಂಗ್ ಹೀಗೆ ಯಾವ ವಿಭಾಗ ಬೇಕೋ ಅದರದ್ದು. ಸರ್ವೇಯರ್‌ಗಳ ಸಂಸ್ಥೆ ಐಐಐಎಸ್‌ಎಲ್‌ಎ ಸದಸ್ಯತ್ವವೂ ಬೇಕು. ಪುಸ್ತಕದ ಓದು ಕಷ್ಟವಾಗಲಿಲ್ಲ. ಆ ಒಂದು ವರ್ಷ ಸಂಬಳ ಇಲ್ಲ ಅನ್ನೋದೇ ಕಷ್ಟ. ನನ್ನ ಹೆಂಡತಿ ಹೈಸ್ಕೂಲ್ ಟೀಚರ್. ಮನೆ ನಡೆದಿದ್ದು ಅವಳ ಸಂಬಳದಲ್ಲಿ, ಅದನ್ನು ಬರೆಯದಿದ್ದರೆ ಈ ಲೇಖನವೇ ಸುಳ್ಳಾಗುತ್ತದೆ.

ಗುರುಗಳು ವಿಚಿತ್ರ ಮನುಷ್ಯ. ನಷ್ಟವಾದವರ ಮನೆಯಲ್ಲಿ ಚಹಾ ಕೊಟ್ಟರೆ ಕುಡಿಯೋರು, ಬೇಡ ಅಂದರೆ ಅವರಿಗೆ ಬೇಜಾರಾಗುತ್ತೆ ಅಂತ. ಆದರೆ ಗ್ಯಾರೇಜಿನಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಬ್ಯಾಗಲ್ಲಿ ಯಾವಾಗಲೂ ಟೇಪು, ಟಾರ್ಚು, ಸೀಮೆಸುಣ್ಣ, ಪೆನ್ಸಿಲ್. ಪೆನ್ಸಿಲ್ ಯಾಕೆ ಅಂದರೆ ಚಾಸಿ ನಂಬರ್ ಮೇಲೆ ತೆಳು ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯೋಕೆ. ಫೋಟೋದಲ್ಲಿ ನಂಬರ್ ಪ್ಲೇಟ್ ಬಂದರೆ ಸಾಲದೇ ಅಂತ ಒಮ್ಮೆ ಕೇಳಿದೆ. "ಪ್ಲೇಟ್ ಬಿಚ್ಚೋಕೆ ಎರಡು ಸ್ಕ್ರೂ ಸಾಕು ಕಣೋ" ಅಂದರು.

ಹೈವೇ ಪಕ್ಕದ ಊರಾದ್ದರಿಂದ ನಮಗೆ ಸ್ಪಾಟ್ ಸರ್ವೆ ಜಾಸ್ತಿ. ಪುಣೆ–ಬೆಂಗಳೂರು ರಸ್ತೆಯಲ್ಲಿ ಹಿರಿಯೂರಿಗೂ ರಾಣೆಬೆನ್ನೂರಿಗೂ ನಡುವೆ ಯಾವ ಲಾರಿ ಬಿದ್ದರೂ ರಾತ್ರಿ ಫೋನು. ಗಾಡಿ ಎತ್ತುವುದಕ್ಕೆ ಮೊದಲು ಹೋಗಬೇಕು. ಕ್ರೇನ್ ಬಂದು ಎಳೆದ ಮೇಲೆ ಯಾವುದು ಬಿದ್ದಾಗ ಆದ ಪೆಟ್ಟು, ಯಾವುದು ಎಳೆದಾಗ ಆದದ್ದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಆರ್‌ಸಿ, ಡ್ರೈವರ್ ಲೈಸೆನ್ಸು, ಪರ್ಮಿಟ್, ಎಫ್‌ಸಿ, ಮಾಲಿನ ಬಿಲ್ಲು ಎಲ್ಲಾ ಅಲ್ಲೇ ನೋಡಬೇಕು. ಗುರುಗಳು ಡ್ರೈವರ್ ಹತ್ತಿರ ಆಕ್ಸಿಡೆಂಟ್ ಹೇಗಾಯಿತು ಅಂತ ಮೊದಲಿಗೇ ಕೇಳುತ್ತಿರಲಿಲ್ಲ. ಊಟ ಎಲ್ಲಿ ಮಾಡಿದೆ, ಎಷ್ಟೊತ್ತಿಗೆ ಬಿಟ್ಟೆ, ಕ್ಲೀನರ್ ಎಲ್ಲಿ ಮಲಗಿದ್ದ, ಹೀಗೆ ಸುತ್ತಿ ಬಳಸಿ ಕೇಳುತ್ತಾ ಹೋಗೋರು. ಒಂದು ಸಲ ಸಿರಾದಲ್ಲಿ ಊಟ ಮಾಡಿ ಹೊರಟೆ ಅಂದವನ ಕ್ಲೀನರ್ ಹುಬ್ಬಳ್ಳಿಯಲ್ಲಿ ಊಟ ಮಾಡಿದ್ದ. ನಿಜವಾಗಿ ಗಾಡಿ ಓಡಿಸುತ್ತಿದ್ದವನು ಲೈಸೆನ್ಸ್ ಇಲ್ಲದ ಮೂರನೇ ಹುಡುಗ, ಅವನು ಆಗಲೇ ಬಸ್ ಹತ್ತಿ ಹೋಗಿದ್ದ. ಎಡಗಡೆ ಮಗ್ಗುಲಾದ ಲಾರಿಗೆ ಬಲಗಡೆ ಕನ್ನಡಿ ಯಾಕೆ ಒಡೆದಿದೆ? ಇಂಥ ಪ್ರಶ್ನೆ ತಾನಾಗಿ ತಲೆಗೆ ಬರಲು ನನಗೆ ಎಂಟು ತಿಂಗಳು ಬೇಕಾಯಿತು.

2016ರಲ್ಲಿ ಲೈಸೆನ್ಸ್ ಬಂತು. ಮೂರು ವರ್ಷಕ್ಕೊಮ್ಮೆ ನವೀಕರಿಸುವ ಕಾಗದ. ಫ್ರೇಮ್ ಹಾಕಿಸಿದೆ, ದೇವಸ್ಥಾನಕ್ಕೆ ಹೋಗಿ ಬಂದೆ, ಫೋನ್ ಹತ್ತಿರ ಕೂತೆ. ಫೋನು ಬರಲಿಲ್ಲ.

ಲೈಸೆನ್ಸ್ ಬೇರೆ, ಕೆಲಸ ಬೇರೆ ಅಂತ ಆಗಲೇ ಗೊತ್ತಾಗಿದ್ದು. ಪ್ರತಿ ಕಂಪನಿಯ ಪ್ಯಾನೆಲ್‌ನಲ್ಲಿ ಹೆಸರು ಸೇರಬೇಕು. ಸೇರಿದರೂ ಆಫೀಸಿನವರಿಗೆ ನಿಮ್ಮ ಮುಖ ನೆನಪಿರಬೇಕು. ಮೊದಲ ಆರು ತಿಂಗಳಲ್ಲಿ ನನಗೆ ಸಿಕ್ಕಿದ್ದು 11 ಕೆಲಸ. ಎಲ್ಲಾ ಹಳೆಯ ಸರ್ವೇಯರ್‌ಗಳು ಬೇಡ ಅಂದ ದೂರದ ಕೆಲಸಗಳು. ಒಂದು ಟಾಟಾ ಏಸ್ ನೋಡೋಕೆ ಹರಪನಹಳ್ಳಿ ಆಚೆ ಹಳ್ಳಿಗೆ ಮಳೆಯಲ್ಲಿ ಬೈಕಲ್ಲಿ ಹೋಗಿ ಬಂದರೆ ಫೀಸು, ಫೋಟೋ, ಓಡಾಟ ಎಲ್ಲಾ ಸೇರಿ ಸಾವಿರ ರೂಪಾಯಿ ಮುಟ್ಟುತ್ತಿರಲಿಲ್ಲ. ಅದರಲ್ಲಿ 10% ಟಿಡಿಎಸ್ ಹಿಡಿಯುತ್ತಾರೆ. ಅದೂ ಬಿಲ್ ಪಾಸಾದ ಮೇಲೆ. ಬಿಲ್ ಯಾವಾಗ ಪಾಸಾಗುತ್ತೆ ಅಂತ ಕೇಳಬೇಡಿ. ಯಾರಾದರೂ ಈ ಕೆಲಸಕ್ಕೆ ಬರುತ್ತೀನಿ ಅಂದರೆ ನಾನು ಮೊದಲು ಕೇಳೋದು ಡಿಗ್ರಿ ಅಲ್ಲ, ಒಂದು ವರ್ಷ ಮನೆ ನಡೆಸುವ ದುಡ್ಡು ಬ್ಯಾಂಕಲ್ಲಿ ಇದೆಯಾ ಅಂತ.

ನನಗೆ ಕೆಲಸ ಹೆಚ್ಚಾಗಿದ್ದು ಒಂದು ಸಣ್ಣ ಅಭ್ಯಾಸದಿಂದ. ಅದು ಶುರುವಾಗಿದ್ದು ಜಗಳದಿಂದ.

ಮೂರೂವರೆ ವರ್ಷದ ಒಂದು ಕಾರು. ಗ್ಯಾರೇಜ್ ಬಿಲ್ಲು 55,000. ನಾನು ಬರೆದದ್ದು 42,750. ಮಾಲೀಕ ರಾತ್ರಿ ಮನೆಗೇ ಬಂದುಬಿಟ್ಟ. "ನನ್ 12,250 ರೂಪಾಯಿ ಯಾರ್ ತಿಂದ್ರಿ?" ಅಂತ ಬಾಗಿಲಲ್ಲೇ ನಿಂತು ಕೂಗಿದ. ಅಕ್ಕಪಕ್ಕದವರೆಲ್ಲಾ ಹೊರಗೆ ಬಂದರು. ಒಳಗೆ ಕೂರಿಸಿ, ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದು ಬರೆದು ತೋರಿಸಿದೆ. ಬಂಪರ್ 12,000, ಪ್ಲಾಸ್ಟಿಕ್, ಸವಕಳಿಗೆ ಅಂತ ಅರ್ಧ ಕಡಿತ, 6,000 ಬಂತು. ಬಾನೆಟ್ 16,000, ಲೋಹದ್ದು, ಮೂರು ವರ್ಷ ದಾಟಿ ನಾಲ್ಕರೊಳಗಿನ ಗಾಡಿಗೆ 25% ಕಡಿತ, ಉಳಿದದ್ದು 12,000. ಗ್ಲಾಸು 9,000, ಗಾಜಿಗೆ ಕಡಿತವೇ ಇಲ್ಲ. ಕೂಲಿ 8,000 ಪೂರ್ತಿ. ಪೇಂಟಿಂಗ್ 10,000, ಅದರಲ್ಲಿ ಕಾಲು ಭಾಗ ಬಣ್ಣದ ಬೆಲೆ ಅಂತ ಹಿಡಿದು ಅದಕ್ಕೆ ಮಾತ್ರ ಅರ್ಧ ಕಡಿತ, 8,750 ಉಳಿಯಿತು. ಒಟ್ಟು 43,750. ಸಣ್ಣ ಕಾರಿಗೆ ಕಡ್ಡಾಯವಾಗಿ ಮಾಲೀಕನೇ ಹೊರಬೇಕಾದ 1,000 ಕಳೆದರೆ 42,750. ಝೀರೋ ಡೆಪ್ ಅನ್ನೋ ಆಡ್-ಆನ್ (ಪಾಲಿಸಿ ಜೊತೆ ಬೇಕಾದರೆ ಸೇರಿಸಿಕೊಳ್ಳುವ ರಕ್ಷಣೆ) ತಗೊಂಡಿದ್ದರೆ ಈ ಸವಕಳಿ ಕಡಿತ ಇರುತ್ತಿರಲಿಲ್ಲ, ನೀವು ಪಾಲಿಸಿ ಮಾಡಿಸುವಾಗ ಅದನ್ನು ಬೇಡ ಅಂದಿದ್ದೀರಿ ಅಂತ ಪಾಲಿಸಿಯನ್ನೇ ತೋರಿಸಿದೆ.

ಅವನು ಹಾಳೆಯನ್ನು ಎರಡು ಸಲ ಓದಿದ. "ಇದನ್ನ ಗ್ಯಾರೇಜಲ್ಲೇ ಹೇಳಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ ಅಲ್ವಾ ಸರ್" ಅಂದ. ಹೌದಲ್ವಾ ಅನ್ನಿಸಿತು. ಆಮೇಲಿಂದ ಪ್ರತಿ ಕ್ಲೇಮಿಗೂ ಒಂದು ಹಾಳೆ ಬರೆದು ಕೈಗೆ ಕೊಡುತ್ತೇನೆ, ಕನ್ನಡದಲ್ಲಿ. ಕೊನೆಗೆ ದುಡ್ಡು ಕೊಡುವುದೋ ಬಿಡುವುದೋ ಕಂಪನಿಗೆ ಬಿಟ್ಟದ್ದು, ನಾನು ಬರೀ ಅಂದಾಜು ಮಾಡುವವನು ಅನ್ನೋದನ್ನೂ ಅದರಲ್ಲೇ ಬರೆಯುತ್ತೇನೆ. ಇದರಿಂದ ಕಂಪನಿಗೆ ದೂರು ಹೋಗುವುದು ಕಡಿಮೆಯಾಯಿತು, ದೂರು ಕಡಿಮೆಯಾದ ಸರ್ವೇಯರ್‌ಗೆ ಫೋನು ಜಾಸ್ತಿ ಬರುತ್ತದೆ. ಅಷ್ಟೇ ಗುಟ್ಟು. ಆ ಕಾರಿನವನೇ ಆಮೇಲೆ ನನಗೆ ಎರಡು ಮೂರು ಕಡೆ ಪರಿಚಯ ಮಾಡಿಸಿದ.

ಆದರೆ ನಾನು ನಿಜವಾಗಿ ಈ ಕೆಲಸ ಕಲಿತದ್ದು ಗೋಕಾಕದಲ್ಲಿ. 2019ರ ಆಗಸ್ಟ್, ಘಟಪ್ರಭಾ ಉಕ್ಕಿ ಊರೊಳಗೆ ಬಂದಿತ್ತು. ಅಷ್ಟು ಕ್ಲೇಮಿಗೆ ಅಲ್ಲಿನ ಸರ್ವೇಯರ್‌ಗಳು ಸಾಲದೆ ಬೇರೆ ಜಿಲ್ಲೆಯವರನ್ನೂ ಕರೆದರು. ಆ ಹೊತ್ತಿಗೆ ನನಗೆ ಫೈರ್ ವಿಭಾಗವೂ ಬಂದಿತ್ತು (ನೆರೆ ಬಂದರೂ ಅಂಗಡಿ ಕ್ಲೇಮು ಸಾಮಾನ್ಯವಾಗಿ ಫೈರ್ ಪಾಲಿಸಿಯಲ್ಲೇ ಬರುತ್ತದೆ, ಈ ಹೆಸರು ಇಟ್ಟವರಿಗೆ ನಮಸ್ಕಾರ). 19 ದಿನ ಅಲ್ಲಿದ್ದೆ.

ನೀರು ಇಳಿದ ಮೇಲಿನ ಬಟ್ಟೆ ಅಂಗಡಿಯ ವಾಸನೆ ಹೇಗಿರುತ್ತೆ ಅಂತ ಬರೆದು ತಿಳಿಸೋಕೆ ಆಗಲ್ಲ. ಮೊಣಕಾಲವರೆಗೆ ಕೆಸರು. ಮೊದಲು ಮಾಡಿದ್ದು ಗೋಡೆ ಮೇಲೆ ನೀರಿನ ಗೆರೆ ಹುಡುಕಿ, ನೆಲದಿಂದ ಟೇಪು ಹಿಡಿದು ಅಳೆದದ್ದು. ಆ ಗೆರೆಯ ಕೆಳಗಿನ ರ‍್ಯಾಕುಗಳಲ್ಲಿ ಏನಿತ್ತು, ಮೇಲೆ ಏನಿತ್ತು ಅನ್ನೋದರಲ್ಲೇ ಎಲ್ಲಾ ಲೆಕ್ಕ. ಒಬ್ಬ ಅಂಗಡಿಯವನು ಮಾಲು ಪೂರ್ತಿ ಹೋಯಿತು ಅಂತ ಬರೆದಿದ್ದ, ಆದರೆ ಮೇಲಿನ ಎರಡು ಸಾಲು ರ‍್ಯಾಕಿನಲ್ಲಿ ಸೀರೆಗಳು ಒಣಗಿಯೇ ಇದ್ದವು. ಇನ್ನೊಬ್ಬ ಹೆಂಗಸು, ಸಣ್ಣ ಕಿರಾಣಿ ಅಂಗಡಿ, ತನ್ನ ನಷ್ಟವನ್ನು ನಿಜಕ್ಕಿಂತ ಕಡಿಮೆ ಬರೆದಿದ್ದಳು. ಫ್ರಿಜ್ಜು, ತಕ್ಕಡಿ ಸೇರಿಸಿಯೇ ಇರಲಿಲ್ಲ. "ಅವು ಮಾಲ್ ಅಲ್ಲಲ್ರೀ" ಅಂದಳು. ಪಾಲಿಸಿಯಲ್ಲಿ ಫರ್ನಿಚರ್, ಸಾಮಾನು ಅಂತ ಬೇರೆ ಮೊತ್ತವೇ ಇತ್ತು. ಸೇರಿಸಿ ಅಂತ ಹೇಳಿದೆ. ಸರ್ವೇಯರ್ ಕೆಲಸ ಅಂದರೆ ಬರೀ ಕಡಿಯೋದು ಅಂದುಕೊಂಡವರಿಗೆ ಇದನ್ನು ಹೇಳುತ್ತಿರುತ್ತೇನೆ.

ಲೆಕ್ಕದ ಪುಸ್ತಕಗಳು ಕೆಸರಲ್ಲಿ ಮುದ್ದೆಯಾಗಿದ್ದವು. ನಮ್ಮನ್ನು ಕಾಪಾಡಿದ್ದು ಜಿಎಸ್‌ಟಿ ರಿಟರ್ನ್‌ಗಳು. ಎಲ್ಲಾ ಪೋರ್ಟಲ್‌ನಲ್ಲಿದ್ದವು. ಅದರ ಜೊತೆ ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್. ಹಿಂದಿನ ಮಾರ್ಚಿನ ಸ್ಟಾಕಿಗೆ ಖರೀದಿ ಕೂಡಿಸಿ, ಮಾರಾಟದಿಂದ ಲಾಭದ ಅಂಶ ತೆಗೆದು ಕಳೆದರೆ ನೀರು ಬಂದ ದಿನ ಅಂಗಡಿಯಲ್ಲಿ ಎಷ್ಟು ಮಾಲು ಇರಬೇಕಿತ್ತು ಅನ್ನೋದು ಸಿಗುತ್ತದೆ. ಇಂಜಿನಿಯರ್ ಆದ ನಾನು ರಾತ್ರಿ ಲಾಡ್ಜಲ್ಲಿ ಕೂತು ಚಾರ್ಟರ್ಡ್ ಅಕೌಂಟೆಂಟ್ ಗೆಳೆಯನಿಗೆ ಫೋನ್ ಮಾಡಿ ಟ್ರೇಡಿಂಗ್ ಅಕೌಂಟ್ ಓದೋದು ಕಲಿತೆ. ನನ್ನ ಕೇಳಿದರೆ ಈ ಕೆಲಸಕ್ಕೆ ಸ್ಪ್ಯಾನರ್ ಹಿಡಿದ ಅನುಭವಕ್ಕಿಂತ ಲೆಕ್ಕ ಓದುವ ಅಭ್ಯಾಸ ಹೆಚ್ಚು ಬೇಕು.

ಒಂದು ಬಟ್ಟೆ ಅಂಗಡಿ ಇವತ್ತಿಗೂ ನೆನಪಾಗುತ್ತದೆ. ಮಾಲು ಇದ್ದದ್ದು 40 ಲಕ್ಷದ್ದು, ವಿಮೆ ಮಾಡಿಸಿದ್ದು 20 ಲಕ್ಷಕ್ಕೆ. ನಷ್ಟ 12 ಲಕ್ಷ. ಮಾಲೀಕರು ಹಿರಿಯರು. ಅವರ ಲೆಕ್ಕದಲ್ಲಿ 20 ಲಕ್ಷದ ಪಾಲಿಸಿ ಇದೆ, ನಷ್ಟ 12, ಪೂರ್ತಿ ಬರುತ್ತದೆ. ಬರಲ್ಲ. ಅರ್ಧಕ್ಕೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವೇ ಸಿಗುವುದು, ಪಾಲಿಸಿಯ ಈ ಷರತ್ತಿಗೆ ಆವರೇಜ್ ಕ್ಲಾಝ್ ಅಂತಾರೆ. 6 ಲಕ್ಷ. ಇದನ್ನು ಅವರ ಕೆಸರು ತುಂಬಿದ ಅಂಗಡಿಯಲ್ಲಿ ನಿಂತು ಹೇಳಬೇಕಿತ್ತು. ಫೋನಲ್ಲಿ ಹೇಳಬಹುದಿತ್ತು, ಅಥವಾ ಸುಮ್ನೆ ವರದಿ ಕಳಿಸಿ ಕಂಪನಿಯವರೇ ಹೇಳಲಿ ಅಂತ ಬಿಡಬಹುದಿತ್ತು. ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪ್ರೀಮಿಯಂ ಸಾವಿರಾರು ರೂಪಾಯಿ ಉಳೀತೈತಿ ಅಂತ ನಾನ ಕಡಿಮಿ ಮಾಡ್ಸಿದ್ನಿ ತಮ್ಮಾ" ಅಂದರು. ಹೊರಡುವಾಗ ಅವರ ಮಗ ಒಂದು ಡಬ್ಬಿ ಕರದಂಟು ತಂದ. ಗುರುಗಳ ಚಹಾ ನಿಯಮದಲ್ಲಿ ಕರದಂಟು ಇರಲಿಲ್ಲ. ಒಂದು ತುಂಡು ಅಲ್ಲೇ ತಿಂದು ಡಬ್ಬಿ ವಾಪಸ್ ಕೊಟ್ಟೆ. ಸರಿ ಮಾಡಿದೆನೋ ತಪ್ಪೋ ಗೊತ್ತಿಲ್ಲ.

ಅಲ್ಲಿ ಕಲಿತ ಇನ್ನೊಂದು ವಿಷಯ ಸಾಲ್ವೇಜ್, ಅಂದರೆ ಹಾಳಾದ ಮಾಲಿನಲ್ಲಿ ಉಳಿದ ಬೆಲೆ. ನೆಂದ ಬಟ್ಟೆಗೂ ಬೆಲೆ ಇದೆ, ಆದರೆ ಮೂರ್ನಾಲ್ಕು ದಿನ ಮಾತ್ರ. ಪೂರ್ತಿ ನೆಂದದ್ದು, ಅಂಚು ನೆಂದದ್ದು ಅಂತ ಬೇರೆ ಮಾಡಿ ಬೇಗ ಮಾರಿಸಿದರೆ ಏನಾದರೂ ಬರುತ್ತದೆ, ಇಲ್ಲದಿದ್ದರೆ ಬೂಷ್ಟು ಹಿಡಿದು ಚಿಂದಿ. ಸರ್ವೇಯರ್ ಬರುವವರೆಗೆ ಏನೂ ಮುಟ್ಟಬೇಡಿ ಅಂತ ಯಾರೋ ಹೇಳಿದ್ದರಂತೆ, ಎಷ್ಟೋ ಜನ ಮುಟ್ಟದೆ ಕಾದು ಕೂತಿದ್ದರು. ಫೋಟೋ ತೆಗೆದಿಟ್ಟು ಒಣಗಿಸಿ ಅಂತ ಒಂದು ಮಾತು ಫೋನಲ್ಲಿ ಹೇಳಿದ್ದರೆ ಸಾಕಿತ್ತು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿದಾಗಲೂ ಹೋಗಿದ್ದೆ, ಗೆಳೆಯನಿಗೆ ಕೈಜೋಡಿಸೋಕೆ. ಸರ್ಜಾಪುರ ರಸ್ತೆ, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ದುಬಾರಿ ಕಾರುಗಳು. ಅಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನೀರಲ್ಲಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿದಿರಾ? ಮಾಡಿದ್ದರೆ ಇಂಜಿನ್ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ಬರಲ್ಲ. ಯಾರೂ ಸ್ಟಾರ್ಟ್ ಮಾಡಿರಲಿಲ್ಲ, ರಾಡ್‌ಗಳು ತಾವಾಗಿಯೇ ಬಾಗಿದ್ದವು!

ಈಗ ನನ್ನ ತಪ್ಪಿನ ವಿಷಯ. ಮೆಕ್ಕೆಜೋಳದ ಗೋಡೌನ್ ಒಂದಕ್ಕೆ ಬೆಂಕಿ ಬಿದ್ದಿತ್ತು. ಸುಟ್ಟುಳಿದ ಚೀಲದ ಸಾಲುಗಳ ಉದ್ದ, ಅಗಲ, ಎತ್ತರ ಅಳೆದು ಚೀಲ ಎಣಿಸಿದೆ. ಸ್ಟಾಕ್ ರಿಜಿಸ್ಟರಿಗೂ ನನ್ನ ಲೆಕ್ಕಕ್ಕೂ 212 ಚೀಲ ವ್ಯತ್ಯಾಸ ಬಂತು. ಬ್ಯಾಂಕಿಗೆ ಕೊಟ್ಟ ಸ್ಟೇಟ್‌ಮೆಂಟ್ ನನ್ನ ಲೆಕ್ಕಕ್ಕೆ ಹತ್ತಿರವಿತ್ತು. ಹಾಗಾಗಿ 212 ಚೀಲ ತೆಗೆದು ಬರೆದೆ. ಯಾಕೆ ತೆಗೆದೆ ಅಂತ ಮಾತ್ರ ವರದಿಯಲ್ಲಿ ಬರೆಯಲಿಲ್ಲ. ನಾನು ಶುರು ಮಾಡಿದ ಕಾಲಕ್ಕೆ 30 ದಿನದೊಳಗೆ ವರದಿ ಕೊಡಬೇಕಿತ್ತು, ಅದು 29ನೇ ದಿನ, ಅವಸರ. ಮಾಲೀಕ ಗ್ರಾಹಕರ ಆಯೋಗಕ್ಕೆ ಹೋದ. ಅವನ ವಕೀಲ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಈ ಚೀಲಗಳನ್ನು ಕಳೆಯಲು ಕಾರಣ ಯಾವ ಪುಟದಲ್ಲಿದೆ? ಅಳತೆಯ ಹಾಳೆಯಲ್ಲಿ ಮಾಲೀಕನ ಸಹಿ ಎಲ್ಲಿದೆ? ಎರಡೂ ಇರಲಿಲ್ಲ. ಸರ್ವೇಯರ್ ವರದಿ ಮುಖ್ಯ, ಆದರೆ ಅದೇ ಕೊನೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಆ ತೀರ್ಪನ್ನೂ ಓದಿ ಹೇಳಿದರು. ಆಯೋಗ 212 ಚೀಲದ ದುಡ್ಡನ್ನೂ ಬಡ್ಡಿ ಸಮೇತ ಕೊಡಿಸಿತು. ಕಂಪನಿಯಿಂದ ಐದು ತಿಂಗಳು ನನಗೆ ಒಂದೂ ಕೆಲಸ ಬರಲಿಲ್ಲ. ನನ್ನ ಲೆಕ್ಕ ಸರಿಯೇ ಇತ್ತು ಅಂತ ಇವತ್ತಿಗೂ ನಂಬಿದ್ದೇನೆ, ಏನು ಪ್ರಯೋಜನ? ಆಗಿನಿಂದ ಅಳತೆ ಹಾಳೆ ಸ್ಥಳದಲ್ಲೇ ಬರೆದು, ಮಾಲೀಕನಿಗೆ ಓದಿ ಹೇಳಿ, ಸಹಿ ಹಾಕಿಸಿಕೊಳ್ಳದೆ ಗೇಟು ದಾಟಲ್ಲ.

ಲಂಚದ ಕವರ್ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಹೌದು, ಬರುತ್ತದೆ. ಗ್ಯಾರೇಜಿನವರು ಫೈಲಿನೊಳಗೆ ಇಟ್ಟು ಕೊಡುತ್ತಾರೆ. ಒಂದು ಸಲ ತಗೊಂಡರೆ ಆ ಊರಿನ ಎಲ್ಲಾ ಗ್ಯಾರೇಜಿಗೂ ಸಂಜೆಯೊಳಗೆ ನಿಮ್ಮ ರೇಟು ಗೊತ್ತಾಗಿರುತ್ತದೆ. ಒತ್ತಡ ಆ ಕಡೆಯಿಂದ ಮಾತ್ರ ಅಂದುಕೊಳ್ಳಬೇಡಿ. ‘ಸ್ವಲ್ಪ ಕಡಿಮೆ ಮಾಡೋಕಾಗುತ್ತಾ ನೋಡಿ’ ಅಂತ ಆಫೀಸಿನಿಂದಲೂ ಫೋನು ಬರುತ್ತದೆ. ಅದಕ್ಕೆ ನನ್ನದು ಒಂದೇ ಉತ್ತರ: ಮೇಲ್ ಹಾಕಿ ಸರ್, ಯಾವ ಐಟಂ ಅಂತ ಬರೆದು ಕೇಳಿ, ಬರೆದೇ ಉತ್ತರ ಕೊಡ್ತೀನಿ. ಮೇಲ್ ಬಂದಿದ್ದು ಬಹಳ ಕಡಿಮೆ.

ಈಗ ಸಣ್ಣ ಕಾರಿನ ಕ್ಲೇಮುಗಳು ನಮ್ಮ ಕೈತಪ್ಪುತ್ತಿವೆ. ಕಂಪನಿಗಳಲ್ಲಿ ಅವರದೇ ಹುಡುಗರಿದ್ದಾರೆ, ಮೊಬೈಲಲ್ಲೇ ವಿಡಿಯೋ ತೆಗೆಸಿ ಮುಗಿಸುತ್ತಾರೆ. ನನಗೇನೂ ಸಿಟ್ಟಿಲ್ಲ, ಬಂಪರ್ ನೋಡೋಕೆ ಮನುಷ್ಯ ಯಾಕೆ ಬೈಕಲ್ಲಿ ಹೋಗಬೇಕು? ನಾನು ಈಗ ಹೆಚ್ಚಾಗಿ ಮಾಡುವುದು ಮಿಲ್ಲು, ಗೋಡೌನು, ಅಂಗಡಿ. ಮೋಟಾರ್ ಒಂದನ್ನೇ ನಂಬಿಕೊಂಡ ಇಬ್ಬರು ಗೆಳೆಯರು ಕೆಲಸ ಬಿಟ್ಟರು.

ಹೋದ ತಿಂಗಳು ಒಬ್ಬ ಹುಡುಗ ಟ್ರೈನಿಂಗಿಗೆ ಸೇರಿಸಿಕೊಳ್ಳಿ ಅಂತ ಬಂದ. ಮೆಕ್ಯಾನಿಕಲ್ಲೇ. ಸುಖದ ಕೆಲಸ ಅಂತ ಕೇಳಿದ್ದನಂತೆ. ನಾನೇನೂ ಹೇಳದೆ ಬಾಕಿ ಬಿಲ್ಲುಗಳ ರಿಜಿಸ್ಟರ್ ತೆಗೆದು ಮುಂದಿಟ್ಟೆ. 47 ಬಿಲ್ಲು, ಹಳೆಯದಕ್ಕೆ ಹದಿನಾಲ್ಕು ತಿಂಗಳು. ಪುಟ ತಿರುಗಿಸಿ ತಿರುಗಿಸಿ ನೋಡಿದ. ಯೋಚನೆ ಮಾಡು, ಬರೋದಾದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಬಾ, ಟೇಪು ತಗೊಂಡು ಬಾ ಅಂದೆ. ಬರಲ್ಲ ಅಂದುಕೊಂಡಿದ್ದೆ. ಆರು ಮುಕ್ಕಾಲಿಗೇ ಗೇಟ್ ಹತ್ತಿರ ನಿಂತಿದ್ದ. ಟೇಪು ತಂದಿರಲಿಲ್ಲ.